ನಂಬಿಕೆಯ ಹಕ್ಕು ಯಾರದ್ದು? ಮಠದ್ದಾ, ಸಮುದಾಯದ್ದಾ, ಒಬ್ಬೊಬ್ಬರದ್ದಾ?

ಕರಾವಳಿ ಓದುಗ:

ಧರ್ಮ ರಾಜಕೀಯಕ್ಕೆ ಬರಬಾರದು ಅಂತ ನಾವೆಲ್ಲ ಸುಲಭವಾಗಿ ಹೇಳುತ್ತೇವೆ. ಆದರೆ ದೇವಸ್ಥಾನದ ಬಾಗಿಲು ಯಾರಿಗೆ ತೆರೆಯಬೇಕು, ಬಿಟ್ಟ ಹೆಂಡತಿಗೆ ಜೀವನಾಂಶ ಕೊಡಬೇಕಾ ಬೇಡವಾ, ತರಗತಿಯಲ್ಲಿ ತಲೆಗೆ ಬಟ್ಟೆ ಹೊದೆಯಬಹುದಾ ಇಲ್ಲವಾ, ಇವೆಲ್ಲ ಧರ್ಮದ ವಿಷಯವೂ ಹೌದು, ಕಾನೂನಿನ ವಿಷಯವೂ ಹೌದು, ಓಟಿನ ವಿಷಯವೂ ಹೌದು. ಇವನ್ನು ಬೇರೆ ಬೇರೆ ಮಾಡಿ ಇಡಲು ಆಗುವುದಿಲ್ಲ. ಹಾಗಾಗಿ ನಾನು ಕೇಳಬೇಕು ಅಂದುಕೊಂಡಿರುವುದು ಇಷ್ಟು: ಸಂವಿಧಾನ ಕೊಟ್ಟಿರುವ ಧಾರ್ಮಿಕ ಸ್ವಾತಂತ್ರ್ಯ ನಿಜವಾಗಿ ಯಾರ ಕೈಯಲ್ಲಿದೆ?

ಈ ಬಗ್ಗೆ ಇಡೀ ದೇಶ ಇವತ್ತಿಗೂ ಎತ್ತಿ ಹೇಳುವ ಎರಡು ತೀರ್ಪುಗಳು ಬಂದಿದ್ದು ನಮ್ಮ ಕರಾವಳಿಯ ಜಗಳಗಳಿಂದ.

ಮೊದಲನೆಯದು ಉಡುಪಿಯ ಶೀರೂರು ಮಠದ್ದು. ಪರ್ಯಾಯ ಬಂದರೆ ಎರಡು ವರ್ಷ ಕೃಷ್ಣ ಮಠದ ಪೂಜೆ, ಊಟ, ಉತ್ಸವ ಎಲ್ಲವೂ ಸರದಿ ಬಂದ ಮಠದ ಹೊಣೆ. ಆ ಖರ್ಚಿಗೆ ಮಠ ಸಾಲ ಮಾಡಿತ್ತು. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಸಾಲದ ಕಾರಣ ಹೇಳಿ ಧಾರ್ಮಿಕ ದತ್ತಿ ಮಂಡಳಿ ಮಠದ ಆಡಳಿತಕ್ಕೆ ಕೈ ಹಾಕಿತು. ಸ್ವಾಮೀಜಿ ಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಧರ್ಮ ಅಂದರೆ ಬರೀ ತತ್ವ ಅಲ್ಲ, ಪೂಜೆ, ವ್ರತ, ನೈವೇದ್ಯದ ಹೊತ್ತು ಕೂಡ ಧರ್ಮವೇ. ಯಾವುದು ಧರ್ಮದ ಮುಖ್ಯ ಭಾಗ ಅನ್ನುವುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು. ಹಣಕಾಸಿನಂಥ ಲೌಕಿಕ ವ್ಯವಹಾರವನ್ನು ಮಾತ್ರ ಸರ್ಕಾರ ಕಾನೂನಿನ ಮೂಲಕ ನೋಡಬಹುದು.

ಎರಡನೆಯದು ಮೂಲ್ಕಿಯ ವೆಂಕಟರಮಣ ದೇವಸ್ಥಾನದ್ದು. ಇದು ಗೌಡ ಸಾರಸ್ವತರ ದೇವಸ್ಥಾನ, ನಮ್ಮವರಿಗೆ ಮಾತ್ರ ಅನ್ನುವುದು ಆಡಳಿತದವರ ವಾದ. ಮದ್ರಾಸ್ ಸರ್ಕಾರದ 1947ರ ದೇವಸ್ಥಾನ ಪ್ರವೇಶ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ ಎಂದರು. 1957ರ ನವೆಂಬರಿನಲ್ಲಿ ತೀರ್ಪು ಬಂತು. ಇದು ಒಂದು ಪಂಗಡದ ದೇವಸ್ಥಾನ ಅನ್ನುವುದನ್ನು ಕೋರ್ಟು ಒಪ್ಪಿತು. ಯಾರು ಒಳಗೆ ಬರಬೇಕು ಅನ್ನುವುದು ಧರ್ಮದ ವಿಷಯವೇ ಅನ್ನುವುದನ್ನೂ ಒಪ್ಪಿತು. ಆದರೂ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆಯಬೇಕು ಎಂದಿತು. ಪಂಗಡದವರಷ್ಟೇ ಇರಬೇಕಾದ ಕೆಲವು ವಿಶೇಷ ಸೇವೆಗಳನ್ನು ಮಾತ್ರ ಹೊರಗಿಟ್ಟಿತು.

ಮೂಲ್ಕಿ ತೀರ್ಪು ನನಗೆ ತುಂಬಾ ಇಷ್ಟ. "ನಿಮ್ಮ ನಂಬಿಕೆ ನಿಜವಾದ ನಂಬಿಕೆಯಲ್ಲ" ಅಂತ ಅದು ಯಾರಿಗೂ ಹೇಳಲಿಲ್ಲ. ನಂಬಿಕೆ ಇರಲಿ, ಆದರೆ ಇನ್ನೊಬ್ಬ ಭಕ್ತನನ್ನು ಹೊಸ್ತಿಲ ಹೊರಗೆ ನಿಲ್ಲಿಸುವ ಅಧಿಕಾರ ಅದರಿಂದ ಬರುವುದಿಲ್ಲ ಎಂದಿತು. ಆಮೇಲೆ ಬಂದ ತೀರ್ಪುಗಳು ಈ ದಾರಿ ಬಿಟ್ಟವು. 1958ರ ಗೋಹತ್ಯೆ ಕೇಸಿನಲ್ಲಿ ಬಕ್ರೀದಿಗೆ ಹಸುವೇ ಬೇಕಾ ಅಂತ ಕೋರ್ಟು ಗ್ರಂಥ ನೋಡಿ ಹೇಳಿತು. 1961ರ ಅಜ್ಮೇರ್ ದರ್ಗಾ ಕೇಸಿನಲ್ಲಿ, ಮೂಢನಂಬಿಕೆಯಿಂದ ಬಂದು ಸೇರಿಕೊಂಡ ಆಚರಣೆಗೆ ರಕ್ಷಣೆ ಇಲ್ಲ ಎಂದಿತು. ಅಲ್ಲಿಂದ ಮುಂದೆ ಧರ್ಮಕ್ಕೆ ಯಾವುದು ಬೇಕು, ಯಾವುದು ಬೇಡ ಅನ್ನುವುದನ್ನು ನ್ಯಾಯಮೂರ್ತಿಗಳೇ ತೀರ್ಮಾನಿಸುವ ಪದ್ಧತಿ ಗಟ್ಟಿಯಾಯಿತು.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಧಾರ್ಮಿಕ ಸ್ವಾತಂತ್ರ್ಯ ಮೊದಲು ಒಬ್ಬ ಮನುಷ್ಯನದ್ದು. ಮಠ, ಜಮಾತ್, ಚರ್ಚು, ಪಕ್ಷ ಎಲ್ಲ ಆಮೇಲೆ. ಗ್ರಂಥದಲ್ಲಿ ಇದು ಕಡ್ಡಾಯವಾ ಅಂತ ಕೇಳುವುದಕ್ಕಿಂತ, ಈ ವ್ಯಕ್ತಿ ಇದನ್ನು ಮನಸಾರೆ ನಂಬಿದ್ದಾರಾ, ಇದರಿಂದ ಇನ್ನೊಬ್ಬರ ಹಕ್ಕಿಗೆ ಪೆಟ್ಟು ಬೀಳುತ್ತದಾ ಅಂತ ಕೇಳಬೇಕು. ನಿಮಗೆಲ್ಲ ಏನನ್ನಿಸುತ್ತದೆ?

ಮಲಪ್ರಭೆಯ ಮಗಳು:

ಓದುಗ ಸರ್, ನಿಮ್ಮ ಮಾತು ಚೆನ್ನಾಗಿದೆ, ಆದರೆ ಮೊದಲ ಪ್ರಶ್ನೆಯಲ್ಲೇ ನನಗೆ ತೊಡಕಿದೆ. ಮನಸಾರೆ ನಂಬಿದ್ದಾರಾ ಅಂತ ಯಾರನ್ನು ಕೇಳುತ್ತೀರಿ?

ನಾನು ಸವದತ್ತಿ ಕಡೆಯವಳು. ಯಲ್ಲಮ್ಮನ ಗುಡ್ಡ ನೋಡುತ್ತಲೇ ಬೆಳೆದವಳು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಚಕ್ಕಡಿ, ಟ್ರ್ಯಾಕ್ಟರ್ ತುಂಬಿಕೊಂಡು ಬರುವ ಜನರ ಭಕ್ತಿ ನಿಜವಾದದ್ದು. ಅದರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ಅದೇ ಭಕ್ತಿಯ ಹೆಸರಿನಲ್ಲಿ ಚಿಕ್ಕ ಹುಡುಗಿಯರಿಗೆ ಮುತ್ತು ಕಟ್ಟುತ್ತಿದ್ದರು, ಅಂದರೆ ದೇವದಾಸಿಯಾಗಿ ದೇವಿಗೆ ಬಿಡುತ್ತಿದ್ದರು. ತಾಯಿ ನಂಬಿದ್ದಳು, ಅಜ್ಜಿ ನಂಬಿದ್ದಳು, ಊರು ನಂಬಿತ್ತು. ತಲೆಯಲ್ಲಿ ಜಡೆ ಬಂತು, ದೇವಿ ಕರೆದಳು ಅಂತ ಮನಸಾರೆ ನಂಬಿದ್ದರು. ಆ ಹುಡುಗಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಆ ವಯಸ್ಸಿನಲ್ಲಿ ಏನು ಹೇಳುತ್ತಾಳೆ?

ಇನ್ನೊಂದು ಮಾತು. ಮುತ್ತು ಕಟ್ಟಿಸಿಕೊಂಡವರು ಹೆಚ್ಚಿನವರು ದಲಿತರ ಮನೆಯ ಹೆಣ್ಣುಮಕ್ಕಳು. ಅದರ ಲಾಭ ತಗೊಂಡವರು ಊರಿನ ಉಳ್ಳವರು. ನಂಬಿಕೆ ಒಬ್ಬರದ್ದು, ಅನುಕೂಲ ಇನ್ನೊಬ್ಬರದ್ದು. ಇಂಥ ಕಡೆ ಬರೀ ನಂಬಿಕೆಯನ್ನು ಅಳೆದರೆ ಪ್ರಯೋಜನ ಇಲ್ಲ.

ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತ್ತು. ನಮ್ಮ ಭಾಗ ಆಗ ಮುಂಬೈ ಪ್ರಾಂತ್ಯ. ಅಲ್ಲಿ 1934ರಲ್ಲಿ ಕಾಯ್ದೆ ಬಂತು. ಆದರೂ ಪದ್ಧತಿ ನಿಲ್ಲಲಿಲ್ಲ, ಕರ್ನಾಟಕ 1982ರಲ್ಲಿ ಮತ್ತೆ ಕಾಯ್ದೆ ಮಾಡಬೇಕಾಯಿತು. ಅಂದರೆ ಸರ್ಕಾರ ನಂಬಿಕೆಯ ಒಳಗೆ ಕೈ ಹಾಕಿತು. ಹಾಕಲೇಬೇಕಿತ್ತು. ಕಾಯ್ದೆ ಬರೀ ಕಾಗದದ ಮೇಲಿದ್ದಾಗ ಏನೂ ಆಗಲಿಲ್ಲ. ಮುತ್ತು ಕಟ್ಟಿಸಿಕೊಂಡ ಹೆಂಗಸರೇ ಸಂಘ ಕಟ್ಟಿಕೊಂಡು, ನಮ್ಮ ಮಕ್ಕಳಿಗೆ ಇದು ಬೇಡ ಅಂತ ಮನೆ ಮನೆಗೆ ಹೋಗಿ ಹೇಳಿದ ಮೇಲೆ ಬದಲಾವಣೆ ಕಂಡಿದ್ದು. ಅವರು ದೇವಿಯನ್ನು ಬಿಡಲಿಲ್ಲ. ಈಗಲೂ ಗುಡ್ಡಕ್ಕೆ ಹೋಗುತ್ತಾರೆ, ಉಧೋ ಉಧೋ ಅನ್ನುತ್ತಾರೆ. ಧರ್ಮದ ಒಳಗೇ ನಿಂತು ಬೇಡ ಎಂದವರು ಅವರು. ನನ್ನ ಪ್ರಕಾರ ಸಂವಿಧಾನ ಮೊದಲು ಬೆನ್ನಿಗೆ ನಿಲ್ಲಬೇಕಾದ್ದು ಇಂಥವರಿಗೆ.

ಮಂಡ್ಯದ ಮೇಷ್ಟ್ರು:

ಅಕ್ಕ ಹೇಳಿದ್ದು ಸರಿ ಇದೆ. ನಾನು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವವನು, ನನ್ನ ಮಾತು ಶಾಲೆಗೆ ಸಂಬಂಧಪಟ್ಟದ್ದು.

2022ರ ಹಿಜಾಬ್ ಕೇಸಿನಲ್ಲಿ ನಮ್ಮ ಹೈಕೋರ್ಟು, ಹಿಜಾಬ್ ಇಸ್ಲಾಮಿನ ಕಡ್ಡಾಯ ಭಾಗವಾ ಅಂತ ಕೇಳಿ, ಅಲ್ಲ ಎಂದು ಸರ್ಕಾರದ ಯೂನಿಫಾರ್ಮ್ ಆದೇಶವನ್ನು ಎತ್ತಿಹಿಡಿಯಿತು. ಓದುಗರೇ, ನಿಮ್ಮ ಲೆಕ್ಕದಲ್ಲಿ ನೋಡಿದರೆ ಆ ಪ್ರಶ್ನೆಯೇ ತಪ್ಪು ಅಂತಾಗುತ್ತದೆ. ಆದರೆ ಆ ತೀರ್ಪಿನಲ್ಲಿ ಇನ್ನೊಂದು ಭಾಗ ಇದೆ, ಅದನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ. ಯೂನಿಫಾರ್ಮ್ ಯಾಕೆ ಬೇಕು ಅನ್ನುವ ಭಾಗ. ನನ್ನ ತರಗತಿಯಲ್ಲಿ ಜಮೀನ್ದಾರರ ಮೊಮ್ಮಗ ಇರುತ್ತಾನೆ, ಅವರ ಗದ್ದೆಗೆ ಕೂಲಿಗೆ ಬರುವವರ ಮಗಳೂ ಇರುತ್ತಾಳೆ. ಒಂದೇ ಬಟ್ಟೆ ಹಾಕಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಊರಿನಲ್ಲಿ ಬೇರೆಲ್ಲೂ ಅವರು ಹಾಗೆ ಕೂರುವುದಿಲ್ಲ. ಶಾಲೆ ಕೊಡುವ ಈ ಅರ್ಧ ದಿನದ ಸಮಾನತೆ ನನಗೆ ಬಹಳ ಮುಖ್ಯ.

ಆ ಫೆಬ್ರವರಿಯಲ್ಲಿ ಆಗಿದ್ದನ್ನು ನೆನಪಿಸಿಕೊಳ್ಳಿ. ಒಂದು ಕಡೆ ಹಿಜಾಬ್, ಇನ್ನೊಂದು ಕಡೆ ಕೇಸರಿ ಶಾಲು. ಪಿಯು ಓದುವ ಮಕ್ಕಳು ಗೇಟಿನ ಮುಂದೆ ಎದುರುಬದುರು ನಿಂತು ಕೂಗುತ್ತಿದ್ದರು. ನಂಬಿಕೆ ಪ್ರಾಮಾಣಿಕವಾಗಿದ್ದರೆ ಸಾಕು ಎಂದರೆ ಶಾಲು ಹಾಕಿದ ಹುಡುಗನೂ ನಂದೂ ಪ್ರಾಮಾಣಿಕ ಅನ್ನುತ್ತಾನೆ. ನಾನು ಮೇಷ್ಟ್ರು, ಅವನ ಎದೆ ಬಗೆದು ನೋಡುವುದು ಹೇಗೆ?

ಕಡಲತಡಿಯ ಟೀಚರ್:

ಮೇಷ್ಟ್ರೇ, ನಾನೂ ನಿಮ್ಮ ಹಾಗೆ ಪಾಠ ಮಾಡುವವಳು. ಉಡುಪಿ ಜಿಲ್ಲೆ. ನಾನು ತಲೆಗೆ ಬಟ್ಟೆ ಹೊದೆಯುತ್ತೇನೆ. ನನ್ನ ತಂಗಿ ಹೊದೆಯುವುದಿಲ್ಲ. ನಮ್ಮ ಮನೆಯಲ್ಲಿ ಇದಕ್ಕೆ ಜಗಳ ಆಗಿಲ್ಲ. ಆದರೆ ಎಲ್ಲ ಮನೆಯಲ್ಲೂ ಹೀಗೇ ಇರುತ್ತದೆ ಅಂತ ನಾನು ಹೇಳುವುದಿಲ್ಲ. ಒತ್ತಾಯಕ್ಕೆ ಹೊದೆಯುವ ಹುಡುಗಿಯರು ಇದ್ದಾರೆ. ಅವರ ಬಗ್ಗೆ ನಮ್ಮವರು ಮಾತಾಡುವುದು ಕಡಿಮೆ, ಅದು ನನಗೆ ನೋವಿನ ವಿಷಯ.

ಶಾಲು ಮತ್ತು ಹಿಜಾಬ್ ಒಂದೇ ಅಂತ ಮಾತ್ರ ನನಗೆ ಅನ್ನಿಸುವುದಿಲ್ಲ. ಒಬ್ಬ ಹುಡುಗಿ ವರ್ಷಗಳಿಂದ ಮನೆಯಿಂದ ಹೊರಗೆ ಬರುವಾಗ ಹೊದ್ದುಕೊಂಡೇ ಬಂದಿದ್ದಾಳೆ. ಶಾಲು ಆ ವಾರ ಯಾರೋ ಹಂಚಿದ್ದು. ಎದೆ ಬಗೆಯಬೇಕಿಲ್ಲ ಸರ್. ನಿನ್ನೆ ಏನಿತ್ತು, ನಾಳೆ ಏನಿರುತ್ತದೆ ಅಂತ ನೋಡಿದರೆ ಗೊತ್ತಾಗುತ್ತದೆ.

ನಮ್ಮ ಸುಪ್ರೀಂ ಕೋರ್ಟೇ ಒಮ್ಮೆ ಹೀಗೆ ನೋಡಿದೆ. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಮೂವರು ಮಕ್ಕಳನ್ನು ಹೊರಗೆ ಹಾಕಿದರು. ಅವರು ಯೆಹೋವನ ಸಾಕ್ಷಿಗಳು ಪಂಥದವರು. ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1986ರಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ಪೀಠ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ಆ ನಂಬಿಕೆ ನಮಗೆ ವಿಚಿತ್ರ ಅನ್ನಿಸಬಹುದು, ಆದರೆ ಅವರು ಅದನ್ನು ಪ್ರಾಮಾಣಿಕವಾಗಿ ನಂಬಿದ್ದಾರಾ ಅನ್ನುವುದೇ ಮುಖ್ಯ ಎಂದಿತು. ಬಿಜೋ ಇಮ್ಯಾನ್ಯುಯೆಲ್ ಕೇಸು ಅಂತ ಅದರ ಹೆಸರು. 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಹಿಜಾಬ್ ತೀರ್ಪು ಒಡೆದು ಬಂತಲ್ಲ, ನ್ಯಾಯಮೂರ್ತಿ ಹೇಮಂತ್ ಗುಪ್ತಾ ಸರ್ಕಾರದ ಆದೇಶ ಸರಿ ಎಂದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಈ ಕೇರಳದ ಮಕ್ಕಳ ತೀರ್ಪನ್ನೇ ಹಿಡಿದು, ಇದು ಧರ್ಮದ ಕಡ್ಡಾಯ ಭಾಗವಾ ಅನ್ನುವ ಪ್ರಶ್ನೆಯೇ ಇಲ್ಲಿ ಬೇಕಿಲ್ಲ ಎಂದರು. ಹುಡುಗಿಯ ಓದು ಅವರಿಗೆ ಮುಖ್ಯ ಅನ್ನಿಸಿತ್ತು.

ಈಗ ನಮ್ಮವರಿಗೂ ಒಂದು ಮಾತು ಹೇಳಬೇಕು. ಒಬ್ಬ ಹೆಣ್ಣುಮಗಳ ಆಯ್ಕೆ ಅಂತ 2022ರಲ್ಲಿ ವಾದ ಮಾಡಿದ ಎಷ್ಟೋ ಜನ ಮುಖಂಡರು ಶಾ ಬಾನೊ ವಿಷಯ ಬಂದರೆ ಸುಮ್ಮನಾಗುತ್ತಾರೆ. 1985ರಲ್ಲಿ ಇಂದೋರಿನ ಆ ವೃದ್ಧೆಗೆ ತಲಾಕ್ ಕೊಟ್ಟ ಗಂಡ ಜೀವನಾಂಶ ಕೊಡಬೇಕು ಅಂತ ಸುಪ್ರೀಂ ಕೋರ್ಟು ಹೇಳಿತು. ಧರ್ಮಕ್ಕೆ ಅಪಾಯ ಅಂತ ದೇಶದ ತುಂಬಾ ಕೂಗು ಎದ್ದಿತು. ಓಟಿನ ಲೆಕ್ಕ ಹಾಕಿದ ಸರ್ಕಾರ 1986ರಲ್ಲಿ ಹೊಸ ಕಾಯ್ದೆ ತಂದು ತೀರ್ಪನ್ನೇ ನಿಷ್ಫಲ ಮಾಡಿತು. ಅದೇ ವರ್ಷ ಫೆಬ್ರವರಿಯಲ್ಲಿ ಅಯೋಧ್ಯೆಯ ಬಾಬ್ರಿ ಮಸೀದಿಯ ಬೀಗ ತೆಗೆಸಿ ಹಿಂದೂಗಳ ಪೂಜೆಗೆ ಬಿಟ್ಟಿದ್ದೂ ಇದೇ ಲೆಕ್ಕದ ಇನ್ನೊಂದು ಮಗ್ಗುಲು ಅಂತ ನಾನು ನಂಬುತ್ತೇನೆ. ಎರಡೂ ಕಡೆಯ ಗಂಡಸರಿಗೆ ಏನೋ ಒಂದು ಸಿಕ್ಕಿತು, ಆ ಮುದುಕಿಗೆ ಏನೂ ಸಿಗಲಿಲ್ಲ. ಆ ಕಾಯ್ದೆಯನ್ನು ಹೆಂಗಸರ ಪರವಾಗಿ ಓದುವ ತೀರ್ಪು ಬರಲು 2001ರವರೆಗೆ ಕಾಯಬೇಕಾಯಿತು.

ತಲೆಯ ಮೇಲಿನ ಬಟ್ಟೆ ನನ್ನ ಹಕ್ಕು ಅನ್ನುವುದಾದರೆ ಜೀವನಾಂಶ ಕೇಳುವುದೂ ನನ್ನ ಹಕ್ಕು. ಎರಡರಲ್ಲೂ ನನ್ನ ಪರವಾಗಿ ಬೇರೆ ಯಾರೋ ಮಾತಾಡುವುದು ನನಗೆ ಬೇಡ.

ಹೊಳೆದಂಡೆ:

ಟೀಚರ್ ಮೇಡಂ, ಕೊನೆಯ ಸಾಲಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಬಹಿಷ್ಕಾರದ ವಿಷಯವನ್ನೂ ಯಾರಾದರೂ ಹೇಳಬೇಕು. ದಾವೂದಿ ಬೋಹ್ರಾ ಸಮುದಾಯದಲ್ಲಿ ಧರ್ಮಗುರುವಿನ ಮಾತು ಮೀರಿದವರನ್ನು ಹೊರಗೆ ಹಾಕುವ ಅಧಿಕಾರ ಇತ್ತು. ಮುಂಬೈ ಸರ್ಕಾರ 1949ರಲ್ಲಿ ಬಹಿಷ್ಕಾರವನ್ನೇ ನಿಷೇಧಿಸಿತು. 1962ರಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ರದ್ದು ಮಾಡಿತು. ಹೊರಗೆ ಹಾಕುವುದು ಸಮುದಾಯದ ಧಾರ್ಮಿಕ ಹಕ್ಕು ಅಂತ. ಮುಖ್ಯ ನ್ಯಾಯಮೂರ್ತಿ ಸಿನ್ಹಾ ಒಬ್ಬರೇ ಒಪ್ಪಲಿಲ್ಲ. ಹೊರಗೆ ಹಾಕಿಸಿಕೊಂಡವರಿಗೆ ಮಸೀದಿ ಇಲ್ಲ, ಸತ್ತರೆ ಹೂಳಲು ಸಮುದಾಯದ ಜಾಗ ಇಲ್ಲ. ಇದನ್ನು ಮೂಲ್ಕಿ ತೀರ್ಪಿನ ಪಕ್ಕ ಇಟ್ಟು ನೋಡಿ. ಒಳಗೆ ಬಿಡದಿರುವುದು ತಪ್ಪಾದರೆ, ಒಳಗಿದ್ದವರನ್ನು ಪ್ರಶ್ನೆ ಕೇಳಿದ್ದಕ್ಕೆ ಹೊರಗೆ ಹಾಕುವುದು ಹೇಗೆ ಸರಿ?

ನಮ್ಮ ಹಳ್ಳಿಗಳಲ್ಲಿ ಜಾತಿ ಪಂಚಾಯಿತಿಗಳು ಮಾಡುವುದೂ ಇದನ್ನೇ. ಬೇರೆ ಜಾತಿಯಲ್ಲಿ ಮದುವೆಯಾದರೆ ನೀರಿಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ, ಸಾವಿಗೆ ಯಾರೂ ಬರುವುದಿಲ್ಲ.

ಕರಾವಳಿ ಓದುಗ:

ಮಲಪ್ರಭೆಯ ಮಗಳು, ನೀವು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಯಾರ ಮೇಲೆ ಆಚರಣೆ ನಡೆಯುತ್ತದೋ ಅವರನ್ನೇ ಕೇಳಬೇಕು. ಅವರು ಮಗುವಾಗಿದ್ದರೆ ಉತ್ತರ ಬೇಡ ಅಂತಲೇ ಇಟ್ಟುಕೊಳ್ಳಬೇಕು. ಧಾರ್ಮಿಕ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿ ಓದಿ. ಅದು ಶುರುವಾಗುವುದೇ ಮಿತಿಗಳಿಂದ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ, ಜೊತೆಗೆ ಉಳಿದ ಮೂಲಭೂತ ಹಕ್ಕುಗಳು. ಇವಕ್ಕೆ ಒಳಪಟ್ಟು ಸ್ವಾತಂತ್ರ್ಯ ಇದೆ ಎನ್ನುತ್ತದೆ. ದೇವದಾಸಿ ಪದ್ಧತಿ ಇಲ್ಲಿಗೇ ಬಿದ್ದುಹೋಗುತ್ತದೆ. ಯಲ್ಲಮ್ಮನ ಗ್ರಂಥದಲ್ಲಿ ಏನಿದೆ ಅಂತ ನೋಡುವ ಅಗತ್ಯವೇ ಬರುವುದಿಲ್ಲ.

ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರ್ 2ರಂದು ಅಂಬೇಡ್ಕರ್ ಹೇಳಿದ್ದೂ ಇದನ್ನೇ. ಈ ದೇಶದಲ್ಲಿ ಹುಟ್ಟಿನಿಂದ ಸಾವಿನವರೆಗೆ ಎಲ್ಲವನ್ನೂ ಧರ್ಮ ಆವರಿಸಿದೆ, ಎಲ್ಲವನ್ನೂ ಧರ್ಮ ಅಂತ ಬಿಟ್ಟುಬಿಟ್ಟರೆ ಶಾಸನಸಭೆ ಯಾವ ಸಾಮಾಜಿಕ ಸುಧಾರಣೆಯನ್ನೂ ಮಾಡಲಾಗುವುದಿಲ್ಲ ಅಂತ. ಅವರಿಗೆ ಬೇಕಿದ್ದದ್ದು ಮದುವೆ, ಆಸ್ತಿ, ಉತ್ತರಾಧಿಕಾರದಂಥ ವಿಷಯಗಳನ್ನು ಧರ್ಮದ ಹಿಡಿತದಿಂದ ಬಿಡಿಸುವುದು. ಯಾವ ಪೂಜೆ ಮೇಲು, ಯಾವುದು ಕೀಳು ಅಂತ ನ್ಯಾಯಾಲಯ ಹೇಳಲಿ ಅಂತ ಅಲ್ಲ.

ಮಲೆನಾಡಿನವ:

ಇಷ್ಟೊತ್ತು ಬಂದ ಉದಾಹರಣೆಗಳಲ್ಲಿ ಬಲಿಯಾದವರು ಯಾರು ಅಂತ ಸುಲಭವಾಗಿ ಹೇಳಬಹುದು. ಹಾಗಲ್ಲದ ಒಂದನ್ನು ಹೇಳುತ್ತೇನೆ.

ಕುಕ್ಕೆ ಸುಬ್ರಹ್ಮಣ್ಯದ ಚಂಪಾ ಷಷ್ಠಿ. ಬ್ರಾಹ್ಮಣರು ಉಂಡ ಎಂಜಲೆಲೆಯ ಮೇಲೆ ಭಕ್ತರು ಉರುಳುತ್ತಿದ್ದರು. ಮಡೆಸ್ನಾನ. ನೋಡಿದವರಿಗೆ ಹೊಟ್ಟೆ ತೊಳಸುತ್ತದೆ, ನನಗೂ ಅಷ್ಟೇ. ಸ್ವಾಭಿಮಾನ ಇರುವ ಯಾವ ಸಮಾಜವೂ ಇದನ್ನು ಒಪ್ಪಬಾರದು ಅಂತ ಪ್ರಗತಿಪರರು ವರ್ಷಗಟ್ಟಲೆ ಹೋರಾಡಿದರು. ಆದರೆ ಇದನ್ನು ನಿಲ್ಲಿಸಬೇಡಿ ಅಂತ ಮುಂದೆ ಬಂದವರಲ್ಲಿ ಮಲೆಕುಡಿಯರೂ ಇದ್ದರು. ಸುಬ್ರಹ್ಮಣ್ಯನ ತೇರಿಗೆ ಬೆತ್ತ ತಂದು ಕಟ್ಟುವವರು ಅವರೇ. ಇದು ನಮ್ಮ ಹರಕೆ, ಚರ್ಮರೋಗ ಬಂದಾಗ ಹೇಳಿಕೊಂಡಿದ್ದು, ನಮ್ಮನ್ನು ಯಾರೂ ಒತ್ತಾಯ ಮಾಡಿಲ್ಲ ಎಂದರು. ಅವರೆಲ್ಲ ವಯಸ್ಸಿಗೆ ಬಂದವರು. ಓದುಗರ ಮೊದಲ ಪ್ರಶ್ನೆಗೆ ಅವರ ಉತ್ತರ ಹೌದು. ಎರಡನೇ ಪ್ರಶ್ನೆಗೆ, ಇನ್ನೊಬ್ಬರಿಗೆ ಪೆಟ್ಟು ಬೀಳುತ್ತದಾ ಅಂದರೆ, ಮೇಲ್ನೋಟಕ್ಕೆ ಇಲ್ಲ. ಈಗೇನು ಮಾಡುತ್ತೀರಿ?

2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 2017ರಲ್ಲಿ ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ವಿರುದ್ಧ ಕಾಯ್ದೆ ಮಾಡಿತು. 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ಎಂಜಲೆಲೆಯ ಮೇಲೆ ಉರುಳಲು ಅನುವು ಮಾಡಿಕೊಡುವುದು ಅದರಲ್ಲಿ ಅಪರಾಧ. ಈ ಅನುವು ಮಾಡಿಕೊಡುವುದು ಅನ್ನುವ ಜಾಗದಲ್ಲೇ ನನಗೆ ದಾರಿ ಕಾಣುತ್ತದೆ. ಹರಕೆ ಹೊತ್ತ ಮನುಷ್ಯನನ್ನು ಹಿಡಿದು ಜೈಲಿಗೆ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಅವನ ಮೈ, ಅವನ ಹರಕೆ. ಆದರೆ ಮುಜರಾಯಿ ಇಲಾಖೆಯ ದೇವಸ್ಥಾನ, ಅಂದರೆ ಸರ್ಕಾರ, ಜಾತಿ ನೋಡಿ ಪಂಕ್ತಿ ಕೂರಿಸಿ, ಆ ಎಲೆ ತೆಗೆಯದೆ ಬಿಟ್ಟು, ಇನ್ನೊಬ್ಬರಿಗೆ ಉರುಳಲು ಜಾಗ ಮಾಡಿಕೊಡಬಾರದು. ಅಲ್ಲಿ ಅಸ್ಪೃಶ್ಯತೆ ನಿಷೇಧಿಸುವ 17ನೇ ವಿಧಿ ಬರುತ್ತದೆ. ಒಬ್ಬರ ಎಂಜಲು ಪವಿತ್ರ, ಇನ್ನೊಬ್ಬರ ನೆರಳು ಮೈಲಿಗೆ ಅನ್ನುವುದು ಒಂದೇ ವ್ಯವಸ್ಥೆಯ ಎರಡು ಭಾಗ.

ಅವಸರ ಮಾಡಿದರೆ ಏನಾಗುತ್ತದೆ ಅನ್ನುವುದನ್ನೂ ಮಲೆನಾಡು ನೋಡಿದೆ. ಸೊರಬ ತಾಲೂಕಿನ ಚಂದ್ರಗುತ್ತಿ. ವರದಾ ನದಿಯಲ್ಲಿ ಮಿಂದು ರೇಣುಕಾಂಬೆಯ ಗುಡ್ಡಕ್ಕೆ ಬೆತ್ತಲೆಯಾಗಿ ಹೋಗುವ ಹರಕೆ ಇತ್ತು. 1986ರ ಮಾರ್ಚಿನಲ್ಲಿ ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಭಕ್ತರು ತಿರುಗಿಬಿದ್ದರು. ಅವರ ಬಟ್ಟೆಯನ್ನೇ ಕಿತ್ತರು. ಕಾರ್ಯಕರ್ತರಲ್ಲಿ ದಲಿತ ಸಂಘಟನೆಯವರಿದ್ದರು, ಭಕ್ತರಲ್ಲಿ ಹೆಚ್ಚಿನವರೂ ಕೆಳಜಾತಿಯವರೇ. ಇಬ್ಬರೂ ಒಂದೇ ಮನೆಯ ಮಕ್ಕಳು ಅಂದರೂ ತಪ್ಪಲ್ಲ. ಆಮೇಲೆ ನಿಷೇಧ ಬಂತು, ಬೆತ್ತಲೆ ಸೇವೆ ನಿಂತಿತು. ಅದು ನಿಂತಿದ್ದು ಒಳ್ಳೆಯದು. ಆದರೆ ಆ ದಿನದ ಗಾಯ ಎರಡೂ ಕಡೆ ಬಹಳ ಕಾಲ ಉಳಿಯಿತು.

ಮಲಪ್ರಭೆಯ ಮಗಳು:

ಮಲೆನಾಡಿನವರೇ, ಯಾರೂ ಒತ್ತಾಯ ಮಾಡಿಲ್ಲ ಅನ್ನುವ ಮಾತನ್ನು ನಾನು ಸ್ವಲ್ಪ ಅನುಮಾನದಿಂದ ಕೇಳುತ್ತೇನೆ. ನಮ್ಮ ಕಡೆ ಯಲ್ಲಮ್ಮನಿಗೆ ಬಿಟ್ಟ ಜೋಗತಿಯರೂ ಹಾಗೇ ಹೇಳುತ್ತಿದ್ದರು. ಓದು ಸಿಕ್ಕಿ, ದುಡಿಮೆ ಸಿಕ್ಕಿ, ಬೇರೆ ಬದುಕು ಇದೆ ಅಂತ ಕಂಡ ಮೇಲೆ ಅವರದ್ದೇ ಮಾತು ಬದಲಾಯಿತು. ಆದರೆ ಹರಕೆ ಹೊತ್ತವರನ್ನು ಶಿಕ್ಷಿಸಬೇಡಿ, ಏರ್ಪಾಡು ಮಾಡುವವರನ್ನು ಹಿಡಿಯಿರಿ ಅನ್ನುವುದು ಸರಿ. 1982ರ ಕಾಯ್ದೆಯಲ್ಲಿ ಮುತ್ತು ಕಟ್ಟಿಸಿಕೊಂಡವಳಿಗೇ ಶಿಕ್ಷೆ ಆಗುವ ಭಯ ಇತ್ತು, ಅದಕ್ಕೇ ಎಷ್ಟೋ ಹೆಂಗಸರು ದೂರು ಕೊಡಲು ಹೆದರುತ್ತಿದ್ದರು.

ಕೋರ್ಟು ಹಾಲಿನಿಂದ:

ನಾನು ವಕೀಲಿ ಮಾಡುವವನು. ಎಲ್ಲರೂ ಹಕ್ಕಿನ ಬಗ್ಗೆ ಮಾತಾಡಿದ್ದೀರಿ, ಶೀರ್ಷಿಕೆಯಲ್ಲಿ ಇಲ್ಲದಿದ್ದರೂ ಓದುಗರು ಶುರು ಮಾಡಿದ್ದು ರಾಜಕೀಯದಿಂದ. ಅದಕ್ಕೆ ಬರುತ್ತೇನೆ.

ಎಸ್.ಆರ್. ಬೊಮ್ಮಾಯಿ ಕೇಸು ನಮ್ಮ ರಾಜ್ಯದ್ದು ಅಂತ ನಮಗೆ ಹೆಮ್ಮೆ. 1989ರಲ್ಲಿ ಅವರ ಸರ್ಕಾರವನ್ನು ವಜಾ ಮಾಡಿದ್ದರಿಂದ ಶುರುವಾಯಿತು. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಬರುವ ಹೊತ್ತಿಗೆ, ಬಾಬ್ರಿ ಮಸೀದಿ ಕೆಡವಿದ ಮೇಲೆ ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಸರ್ಕಾರಗಳ ವಿಷಯವೂ ಅದಕ್ಕೆ ಸೇರಿತ್ತು. ಜಾತ್ಯತೀತತೆ ಸಂವಿಧಾನದ ಮೂಲರಚನೆಯ, ಅಂದರೆ ಸಂಸತ್ತೂ ಕಿತ್ತುಹಾಕಲಾಗದ ತಿರುಳಿನ ಭಾಗ, ರಾಜ್ಯಕ್ಕೆ ಧರ್ಮ ಇಲ್ಲ ಎಂದು ಅಲ್ಲಿ ಗಟ್ಟಿಯಾಗಿ ಹೇಳಿದರು.

ರಾಜ್ಯಕ್ಕೆ ಧರ್ಮ ಇಲ್ಲ, ಸರಿ. ಮತದಾರನಿಗೆ ಇದೆ, ಅಭ್ಯರ್ಥಿಗೂ ಇದೆ. ಜನಪ್ರತಿನಿಧಿ ಕಾಯ್ದೆಯ 123(3) ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಓಟು ಕೇಳುವುದನ್ನು ಭ್ರಷ್ಟ ಆಚರಣೆ ಅನ್ನುತ್ತದೆ. ಯಾರ ಧರ್ಮ? ಅಭ್ಯರ್ಥಿಯದ್ದು ಮಾತ್ರವಾ, ಮತದಾರನದ್ದೂ ಸೇರುತ್ತದಾ? 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಕೇಸಿನಲ್ಲಿ ಏಳು ಜನರ ಪೀಠ ನಾಲ್ಕು-ಮೂರು ಆಯಿತು. ನಾಲ್ವರು ಮತದಾರನ ಧರ್ಮವೂ ಸೇರುತ್ತದೆ ಎಂದರು. ಮೂವರ ಪರವಾಗಿ ನ್ಯಾಯಮೂರ್ತಿ ಚಂದ್ರಚೂಡ್ ಬರೆದರು: ಧರ್ಮದಿಂದ, ಜಾತಿಯಿಂದ ಜನ ಅನುಭವಿಸಿದ ಅನ್ಯಾಯವನ್ನು ಚುನಾವಣೆಯಲ್ಲಿ ಮಾತಾಡಬಾರದು ಅಂದರೆ ಪ್ರಜಾಪ್ರಭುತ್ವದಲ್ಲಿ ಏನು ಉಳಿಯುತ್ತದೆ ಅನ್ನುವ ಅರ್ಥದಲ್ಲಿ.

ನಾನು ಆ ಮೂವರ ಪರ. ನಮ್ಮನ್ನು ದೇವಸ್ಥಾನದೊಳಗೆ ಬಿಡುತ್ತಿಲ್ಲ, ನನಗೆ ಓಟು ಹಾಕಿ, ನಾನು ಬಿಡಿಸುತ್ತೇನೆ ಅಂತ ಒಬ್ಬ ದಲಿತ ಅಭ್ಯರ್ಥಿ ಹೇಳಿದರೆ ಅದು ಹಕ್ಕಿನ ಮಾತು. ಅವರನ್ನು ಹೊರಗಿಡಲು ನನಗೆ ಓಟು ಹಾಕಿ ಅನ್ನುವುದು ದ್ವೇಷದ ಮಾತು. ಎರಡರಲ್ಲೂ ಧರ್ಮದ ಹೆಸರು ಬರುತ್ತದೆ. ಹೆಸರು ಬಂದಿತು ಅಂತ ಎರಡನ್ನೂ ಒಂದೇ ಬುಟ್ಟಿಗೆ ಹಾಕಬಾರದು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣ ಬಿಜ್ಜಳನ ಅಧಿಕಾರದಲ್ಲಿದ್ದುಕೊಂಡೇ ತಮ್ಮ ನಂಬಿಕೆಯನ್ನು ಸಮಾಜದ ಮುಂದೆ ತಂದರು. ನಂಬಿಕೆಯನ್ನು ಮನೆಯಲ್ಲೇ ಇಟ್ಟು ಬನ್ನಿ ಅಂತ ಅವರಿಗೆ ಯಾರಾದರೂ ಹೇಳಿದ್ದರೆ ನಾವು ಎಷ್ಟು ಕಳೆದುಕೊಳ್ಳುತ್ತಿದ್ದೆವು!

ನನಗೆ ಭಯ ಇರುವುದು ಬೇರೆ ಕಡೆ. ನಂಬಿಕೆ ಬದಲಿಸುವವನ ಮೇಲೆ ಸರ್ಕಾರ ಕಣ್ಣಿಡುವ ಕಡೆ. 2022ರ ನಮ್ಮ ಮತಾಂತರ ಕಾಯ್ದೆ ಪ್ರಕಾರ ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಅವರು ಅದನ್ನು ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪ ಕರೆಯಬೇಕು. ನನ್ನ ದೇವರು ಯಾರು ಅನ್ನುವುದಕ್ಕೆ ಊರಿನವರ ಆಕ್ಷೇಪ ಯಾಕೆ? ಹಿಮಾಚಲದ ಇಂಥದ್ದೇ ನಿಯಮವನ್ನು ಅಲ್ಲಿನ ಹೈಕೋರ್ಟು 2012ರಲ್ಲೇ ರದ್ದು ಮಾಡಿತ್ತು. ನಮ್ಮ ಸಚಿವ ಸಂಪುಟ 2023ರ ಜೂನಿನಲ್ಲಿ ಕಾಯ್ದೆ ಹಿಂದಕ್ಕೆ ಪಡೆಯುವ ತೀರ್ಮಾನ ಮಾಡಿತು. ಮೋಸದಿಂದ, ಬೆದರಿಕೆಯಿಂದ ಮತ ಬದಲಿಸಿದರೆ ಶಿಕ್ಷೆ ಕೊಡಿ, ಅದು ಬೇರೆ ವಿಷಯ. ತಾನಾಗಿ ಹೋಗುವವನು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ.

ನ್ಯೂಜೆರ್ಸಿ ಕನ್ನಡತಿ:

ವಕೀಲರು ಹೇಳಿದ್ದಕ್ಕೆ ಇಲ್ಲಿನ ಒಂದು ಘಟನೆ ಸೇರಿಸುತ್ತೇನೆ. 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸಲಿಂಗಿಗಳ ಮದುವೆಯನ್ನು ದೇಶದ ತುಂಬಾ ಮಾನ್ಯ ಮಾಡಿತು. ಕೆಂಟಕಿಯ ಒಂದು ಕೌಂಟಿಯ ಕ್ಲರ್ಕ್ ಕಿಮ್ ಡೇವಿಸ್, ನನ್ನ ದೇವರು ಇದನ್ನು ಒಪ್ಪುವುದಿಲ್ಲ ಅಂತ ಮದುವೆ ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಿದರು. ಕೋರ್ಟಿನ ಮಾತು ಕೇಳದ್ದಕ್ಕೆ ಕೆಲವು ದಿನ ಜೈಲಿನಲ್ಲೂ ಇದ್ದರು. ಅವರ ನಂಬಿಕೆ ಪ್ರಾಮಾಣಿಕವಾಗಿತ್ತು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಕೌಂಟರಿನ ಆ ಕಡೆ ನಿಂತವರಿಗೆ ತಮ್ಮದೇ ಕೌಂಟಿಯಲ್ಲಿ ಲೈಸೆನ್ಸ್ ಸಿಗುವ ದಾರಿ ಇರಲಿಲ್ಲ. ವಿದ್ಯಾರ್ಥಿನಿಯ ನಂಬಿಕೆ ಬೇರೆ, ಸರ್ಕಾರದ ಮೊಹರು ಹಿಡಿದು ಕೂತವರ ನಂಬಿಕೆ ಬೇರೆ. ಮೊಹರು ಹಿಡಿದವರಿಗೆ ಕಡಿಮೆ ಸಡಿಲಿಕೆ ಇರಬೇಕು.

ಮಂಡ್ಯದ ಮೇಷ್ಟ್ರು:

ಕನ್ನಡತಿ ಹೇಳಿದ ವ್ಯತ್ಯಾಸ ನನಗೆ ಹಿಡಿಸಿತು. ಟೀಚರ್ ಮೇಡಂ, ನಿಮಗೊಂದು ನೇರ ಪ್ರಶ್ನೆ. ಯೂನಿಫಾರ್ಮಿನ ಬಣ್ಣದ್ದೇ ಬಟ್ಟೆ ತಲೆಗೆ ಹೊದೆಯಲಿ ಅಂತ ಬಿಟ್ಟರೆ ನಿಮ್ಮ ಮಕ್ಕಳು ಒಪ್ಪುತ್ತಿದ್ದರಾ? ಹಾಗಿದ್ದರೆ ನನ್ನ ಅರ್ಧ ತಕರಾರು ಉಳಿಯುವುದಿಲ್ಲ. ಇನ್ನರ್ಧ ಉಳಿಯುತ್ತದೆ. ಒತ್ತಾಯಕ್ಕೆ ಹೊದೆಯುವ ಹುಡುಗಿಗೆ ಶಾಲೆಯ ಗೇಟು ದಾಟಿದ ಮೇಲಾದರೂ ತೆಗೆದಿಡಲು ಒಂದು ಜಾಗ ಬೇಕಲ್ವಾ? ನಿಯಮ ಇದ್ದರೆ ಅವಳು ನಿಯಮದ ಹೆಸರು ಹೇಳಿಯಾದರೂ ತೆಗೆಯಬಹುದು.

ಕಡಲತಡಿಯ ಟೀಚರ್:

ಒಪ್ಪುತ್ತಿದ್ದರು ಸರ್. ಹೈಕೋರ್ಟಿನಲ್ಲಿ ಅರ್ಜಿದಾರರ ವಕೀಲರು ಕೇಳಿದ್ದೇ ಅದನ್ನು. ಕೇಂದ್ರೀಯ ವಿದ್ಯಾಲಯಗಳಲ್ಲಿ ಯೂನಿಫಾರ್ಮಿನ ಬಣ್ಣದ ಬಟ್ಟೆಗೆ ಅವಕಾಶ ಇದೆ ಅಂತ ತೋರಿಸಿದರು. ಹಾಗೆ ಬಿಟ್ಟರೆ ತರಗತಿಯಲ್ಲಿ ಎರಡು ಗುಂಪಾಗುತ್ತದೆ ಅಂತ ಪೀಠ ಒಪ್ಪಲಿಲ್ಲ.

ನಿಮ್ಮ ಎರಡನೇ ಮಾತು ಗಟ್ಟಿಯಾದದ್ದು. ನಾನು ಅದರ ಬಗ್ಗೆ ತುಂಬಾ ಯೋಚನೆ ಮಾಡಿದ್ದೇನೆ. ಒತ್ತಾಯದ ಮನೆಯಿಂದ ಬರುವ ಹುಡುಗಿಗೆ ನಿಯಮ ಇದ್ದರೆ ಅನುಕೂಲ ಅನ್ನುವುದು ಕಾಗದದ ಮೇಲೆ ನಿಜ. ನಾನು ನೋಡಿದ್ದು ಬೇರೆ. ಅಂಥ ಮನೆಯವರು ತಗೊಂಡ ತೀರ್ಮಾನ ಹುಡುಗಿಯನ್ನು ಕಾಲೇಜು ಬಿಡಿಸುವುದು. ತನ್ನ ಇಷ್ಟಕ್ಕೆ ಹೊದೆಯುವವಳು ಹೇಗೋ ಜಗಳ ಮಾಡಿ, ಇನ್ನೊಂದು ಕಾಲೇಜು ಹುಡುಕಿ ಓದಿದಳು. ಒತ್ತಾಯಕ್ಕೆ ಹೊದೆಯುತ್ತಿದ್ದವಳು ಮನೆಯಲ್ಲಿ ಉಳಿದಳು. ಅವಳಿಗೆ ಬೇಡ ಎನ್ನುವ ಶಕ್ತಿ ಕೊಡಬೇಕಾಗಿದ್ದದ್ದೇ ಆ ತರಗತಿ.

ಸುಪ್ರೀಂ ಕೋರ್ಟಿನ ಒಡೆದ ತೀರ್ಪು ದೊಡ್ಡ ಪೀಠಕ್ಕೆ ಹೋಗಬೇಕು ಅಂತ ಆಯಿತು. ಶಬರಿಮಲೆಯ ವಿಷಯದಲ್ಲೂ ಎಲ್ಲ ವಯಸ್ಸಿನ ಹೆಂಗಸರನ್ನೂ ಒಳಗೆ ಬಿಡಬೇಕು ಅಂತ 2018ರಲ್ಲಿ ತೀರ್ಪು ಬಂದು, 2019ರಲ್ಲಿ ದೊಡ್ಡ ಪ್ರಶ್ನೆಗಳನ್ನೆಲ್ಲ ದೊಡ್ಡ ಪೀಠಕ್ಕೆ ಕಳಿಸಿದರು. ಅಲ್ಲಿ ಒಳಗೆ ಹೋಗಬೇಕು ಎಂದ ಹೆಂಗಸರೂ ಭಕ್ತರೇ, ವಯಸ್ಸಾಗುವವರೆಗೆ ಕಾಯುತ್ತೇವೆ ಎಂದವರೂ ಭಕ್ತರೇ. ಕೋರ್ಟು ನಿಧಾನವಾಗಿ ಯೋಚಿಸಲಿ, ನನ್ನ ಆಕ್ಷೇಪ ಇಲ್ಲ. ಆದರೆ 2022ರಲ್ಲಿ ಪಿಯು ಓದುತ್ತಿದ್ದ ಹುಡುಗಿಗೆ ಆ ವರ್ಷ ಮತ್ತೆ ಬರುವುದಿಲ್ಲ. ಹಾಗಾಗಿ ನನ್ನ ಬೇಡಿಕೆ ಸಣ್ಣದು: ಇಂಥ ಕೇಸು ನಡೆಯುತ್ತಿರುವಾಗ ಮಕ್ಕಳನ್ನು ಮೊದಲಿನಂತೆಯೇ ತರಗತಿಯಲ್ಲಿ ಕೂರಿಸಿ, ಪರೀಕ್ಷೆ ಬರೆಯಲು ಬಿಡಿ. ತೀರ್ಪಿಗೆ ಮೊದಲು ಹೈಕೋರ್ಟು ಕೊಟ್ಟ ಮಧ್ಯಂತರ ಆದೇಶ ಇದಕ್ಕೆ ವಿರುದ್ಧವಾಗಿತ್ತು. ಮೇಷ್ಟ್ರೇ, ಇದಕ್ಕಾದರೂ ನೀವು ಒಪ್ಪುತ್ತೀರಾ?

ಮಂಡ್ಯದ ಮೇಷ್ಟ್ರು:

ಒಪ್ಪುತ್ತೇನೆ ಮೇಡಂ. ಪರೀಕ್ಷೆ ತಪ್ಪಿಸುವಷ್ಟು ದೊಡ್ಡ ನಿಯಮ ಯಾವ ಶಾಲೆಗೂ ಬೇಡ. ಯೂನಿಫಾರ್ಮಿನ ವಿಷಯದಲ್ಲಿ ನಾನು ನನ್ನ ಮಾತಿಗೇ ನಿಲ್ಲುತ್ತೇನೆ.